ಮರಿಗಳ ಕೈತಿಂಡಿಗೆ ಕಿಣ್ವ, ಮೂಲಿಕೆ: ಎಷ್ಟು, ಹೇಗೆ, ಯಾವಾಗ?

ಕುರಿಮರಿಗಳ ಬೆಳವಣಿಗೆಗೆಂದು ಬಳಸುವ ಕಿಣ್ವದ ಪುಡಿ, ಮೂಲಿಕೆ, ಯೀಸ್ಟ್ ಕುರಿತು ಓದುಗರು ಕೇಳಿದ ಪ್ರಶ್ನೆಗಳಲ್ಲಿ ಕೆಲವನ್ನು ಆಯ್ದುಕೊಂಡಿದ್ದೇವೆ. ಒಂದೇ ಬಗೆಯವನ್ನು ಒಟ್ಟುಗೂಡಿಸಿದ್ದೇವೆ.

ಪ್ರಶ್ನೆ: ಹಾಲು ಬಿಡಿಸಿದ 40 ಮರಿಗಳಿವೆ, ಸರಾಸರಿ ತೂಕ 15 ಕಿಲೋ. ದಿನಕ್ಕೆ ತಲಾ 200 ಗ್ರಾಂ ಮೆಕ್ಕೆಜೋಳದ ನುಚ್ಚು, ಜೊತೆಗೆ ತಿಂದಷ್ಟು ಒಣಹುಲ್ಲು. ನಾರು ಕರಗಿಸುವ ಕಿಣ್ವವೆಂದು ಪುಡಿ ತಂದು ಒಂದು ತಿಂಗಳು ಹಾಕಿದೆವು. ತೂಕದಲ್ಲಿ ಏನೂ ವ್ಯತ್ಯಾಸವಿಲ್ಲ. ಪುಡಿ ನಕಲಿಯೇ?

ಉತ್ತರ: ನಕಲಿ ಇರಲೂಬಹುದು. ಆದರೆ ಅಸಲಿ ಪುಡಿ ಹಾಕಿದ್ದರೂ ನಿಮ್ಮ ಮರಿಗಳು ಹೀಗೇ ಇರುತ್ತಿದ್ದವು. ಲೆಕ್ಕ ಹಾಕಿ ನೋಡೋಣ.

15 ಕಿಲೋ ಮರಿ ದಿನಕ್ಕೆ ತನ್ನ ತೂಕದ ಸುಮಾರು ಶೇ. 4ರಷ್ಟು, ಅಂದರೆ 600 ಗ್ರಾಂ ಒಣ ಆಹಾರ ತಿನ್ನುತ್ತದೆ. ನಿಮ್ಮಲ್ಲಿ ಅದು 400 ಗ್ರಾಂ ಹುಲ್ಲು, 200 ಗ್ರಾಂ ಜೋಳ. ಒಣಹುಲ್ಲಿನಲ್ಲಿ ಪ್ರೋಟೀನ್ ಶೇ. 4ರ ಆಸುಪಾಸು, ಸಿಗುವುದು 16 ಗ್ರಾಂ. ಮೆಕ್ಕೆಜೋಳದಲ್ಲಿ ಶೇ. 9, ಸಿಗುವುದು 18 ಗ್ರಾಂ. ಒಟ್ಟು 34 ಗ್ರಾಂ. 600 ಗ್ರಾಂ ಆಹಾರದಲ್ಲಿ ಇದು ಶೇ. 6ಕ್ಕೂ ಕಡಿಮೆ. ಹುಲ್ಲಿನ ನಾರನ್ನು ಒಡೆಯುವುದು ಮರಿಯಲ್ಲ, ಅದರ ದೊಡ್ಡಹೊಟ್ಟೆಯ, ಅಂದರೆ ರೂಮೆನ್‌ನ ಸೂಕ್ಷ್ಮಜೀವಿಗಳು. ಅವುಗಳಿಗೆ ಬದುಕಿ ದುಡಿಯಲು ಆಹಾರದಲ್ಲಿ ಕನಿಷ್ಠ ಶೇ. 7ರಷ್ಟು ಪ್ರೋಟೀನ್ ಬೇಕು. ಅದಕ್ಕಿಂತ ಕಡಿಮೆಯಾದರೆ ಅವುಗಳ ಸಂಖ್ಯೆಯೇ ಇಳಿಯುತ್ತದೆ, ಹುಲ್ಲು ಹೊಟ್ಟೆಯಲ್ಲೇ ಹೆಚ್ಚು ಹೊತ್ತು ಕೂರುತ್ತದೆ, ಮರಿ ತಿನ್ನುವುದು ಕಡಿಮೆಯಾಗುತ್ತದೆ. ಹೊಟ್ಟೆ ಮಾತ್ರ ಗುಡಾಣದಂತೆ ಕಾಣುತ್ತದೆ, ಬೆನ್ನುಮೂಳೆ ಕೈಗೆ ಚುಚ್ಚುತ್ತದೆ. ಇಂಥ ಮರಿಗೆ ಕಿಣ್ವ ಕೊಡುವುದೆಂದರೆ ಹೊಟ್ಟೆಗೆ ಹಿಟ್ಟಿಲ್ಲದಾಗ ಜುಟ್ಟಿಗೆ ಮಲ್ಲಿಗೆ ಮುಡಿಸಿದಂತೆ.

ಈಗ ಇದನ್ನೇ ಹೀಗೆ ಬದಲಿಸಿ: ಹುಲ್ಲು 300 ಗ್ರಾಂ, ಮೆಕ್ಕೆಜೋಳ 150 ಗ್ರಾಂ, ಶೇಂಗಾ ಹಿಂಡಿ 150 ಗ್ರಾಂ. ಹಿಂಡಿಯಲ್ಲಿ ಪ್ರೋಟೀನ್ ಶೇ. 43 ಎಂದಿಟ್ಟುಕೊಂಡರೆ ಒಟ್ಟು ಸುಮಾರು 90 ಗ್ರಾಂ, ಅಂದರೆ ಶೇ. 15. ಬೆಳೆಯುವ ಮರಿಗೆ ಬೇಕಾದದ್ದು ಇಷ್ಟೇ. ಈ ಬದಲಾವಣೆಯನ್ನು 10ರಿಂದ 15 ದಿನಗಳಲ್ಲಿ ಹಂತಹಂತವಾಗಿ ಮಾಡಿ. ಕೈತಿಂಡಿಗೆ, ಅಂದರೆ ನುಚ್ಚು–ಹಿಂಡಿಯ ಮಿಶ್ರಣಕ್ಕೆ, ಶೇ. 2 ಖನಿಜ ಮಿಶ್ರಣ, ಶೇ. 1 ಉಪ್ಪು ಸೇರಿಸಿ. ಖನಿಜ ಮಿಶ್ರಣ ಕುರಿಗೆಂದೇ ತಯಾರಾದದ್ದಿರಬೇಕು. ಏಕೆಂಬುದು ಮುಂದೆ ಬೇರೊಂದು ಪ್ರಶ್ನೆಯಲ್ಲಿ ಬರುತ್ತದೆ. ಹಿಂಡಿ ಮುಗ್ಗಲು ವಾಸನೆ ಹೊಡೆಯುತ್ತಿದ್ದರೆ ಬೇಡವೇ ಬೇಡ.

ಹಿಕ್ಕೆಯನ್ನೂ ಒಮ್ಮೆ ನೋಡಿ. ಒಂದು ಹಿಡಿ ಹಿಕ್ಕೆಯನ್ನು ನೀರಲ್ಲಿ ನೆನೆಸಿ, ಟೀ ಸೋಸುವ ಜರಡಿಯಲ್ಲಿ ತೊಳೆಯಿರಿ. ಉಗುರಿನುದ್ದದ ನಾರು ರಾಶಿ ಬಿದ್ದರೆ ರೂಮೆನ್ ಸರಿಯಾಗಿ ಕೆಲಸ ಮಾಡುತ್ತಿಲ್ಲ. ಜೋಳದ ಚೂರುಗಳು ಹಾಗೇ ಬಂದಿದ್ದರೆ ನುಚ್ಚು ದಪ್ಪವಾಯಿತು, ಅಥವಾ ಒಂದೇ ಹೊತ್ತಿಗೆ ಹೆಚ್ಚು ಸುರಿದಿರಿ. ಪ್ರೋಟೀನ್ ಸರಿಪಡಿಸಿದ ಮೂರು ವಾರಗಳ ನಂತರವೂ ಉದ್ದನಾರು ಬರುತ್ತಿದ್ದರೆ ಆಗ ಕಿಣ್ವದ ಬಗ್ಗೆ ಯೋಚಿಸಬಹುದು.

ಪ್ರಶ್ನೆ: ರೂಮೆನ್‌ನಲ್ಲಿ ಸೂಕ್ಷ್ಮಜೀವಿಗಳೇ ಕಿಣ್ವ ತಯಾರಿಸುತ್ತವೆ ಎನ್ನುತ್ತೀರಿ. ಹಾಗಿದ್ದಮೇಲೆ ಹೊರಗಿನಿಂದ ಹಾಕಿ ಪ್ರಯೋಜನವೇನು? ಲೇಬಲ್‌ನಲ್ಲಿ ಬರೆದ ‘ಯೂನಿಟ್’ ಎಂದರೇನು?

ಉತ್ತರ: ಪ್ರಯೋಜನ ಇದೆ, ಆದರೆ ಸೀಮಿತ. ಹೊರಗಿನಿಂದ ಹಾಕುವ, ನಾರು ಒಡೆಯುವ ಕಿಣ್ವಗಳಾದ ಸೆಲ್ಯುಲೇಸ್, ಕ್ಸೈಲನೇಸ್‌ಗಳನ್ನು ಹೆಚ್ಚಾಗಿ ಟ್ರೈಕೋಡರ್ಮಾ, ಆಸ್ಪರ್ಜಿಲಸ್ ಶಿಲೀಂಧ್ರಗಳಿಂದ ತಯಾರಿಸುತ್ತಾರೆ. ಇವು ನಾರಿನ ಮೇಲ್ಮೈಯಲ್ಲಿ ಅಲ್ಲಲ್ಲಿ ಕಚ್ಚು ಹಾಕುತ್ತವೆ. ಆ ಕಚ್ಚುಗಳಲ್ಲಿ ರೂಮೆನ್ ಸೂಕ್ಷ್ಮಜೀವಿಗಳು ಬೇಗ ಅಂಟಿಕೊಂಡು ಕೆಲಸ ಶುರು ಮಾಡುತ್ತವೆ. ಅಂದರೆ ಕಿಣ್ವ ಮಾಡುವುದು ಬೀಗ ತೆಗೆಯುವ ಕೆಲಸ, ಮನೆ ಖಾಲಿ ಮಾಡುವುದು ಸೂಕ್ಷ್ಮಜೀವಿಗಳೇ. ಲಿಗ್ನಿನ್ ಎಂಬ ಕಟ್ಟಿಗೆಯಂಶವನ್ನು ಈ ಕಿಣ್ವಗಳು ಮುಟ್ಟುವುದಿಲ್ಲ. ಬಲಿತು ಒಣಗಿದ ಗಟ್ಟಿ ಕಡ್ಡಿಯ ಮೇಲೆ ಫಲ ಕಡಿಮೆ ಸಿಗುವುದು ಇದಕ್ಕೇ.

ಹೀಗಾಗಿ ಕಿಣ್ವವನ್ನು ಬಾಯಿಗೆ ಹಾಕುವುದಕ್ಕಿಂತ ಮೇವಿಗೆ ತಾಗಿಸುವುದು ಲೇಸು. ನೇರ ರೂಮೆನ್‌ಗೆ ಬಿದ್ದ ಕಿಣ್ವ ಅಲ್ಲಿನ ಪ್ರೋಟೀನ್ ಒಡೆಯುವ ಜೀವಿಗಳ ಪಾಲಾಗುತ್ತದೆ, ಇಲ್ಲವೇ ದ್ರವದ ಜೊತೆ ಮುಂದಕ್ಕೆ ಹರಿದುಹೋಗುತ್ತದೆ. ನಾರಿಗೆ ಮೊದಲೇ ಅಂಟಿಕೊಂಡ ಕಿಣ್ವ ಹೆಚ್ಚು ಹೊತ್ತು ಉಳಿಯುತ್ತದೆ. ಹುಲ್ಲನ್ನು 2–3 ಸೆಂ.ಮೀ. ಉದ್ದಕ್ಕೆ ಕತ್ತರಿಸಿ. 10 ಕಿಲೋ ಹುಲ್ಲಿಗೆ ಸುಮಾರು 1 ಲೀಟರ್ ನೀರಿನಲ್ಲಿ ಅಳತೆಯ ಕಿಣ್ವ ಕರಗಿಸಿ, ಹುಲ್ಲನ್ನು ತಿರುಗಿಸುತ್ತ ಸಿಂಪಡಿಸಿ. ಸಂಜೆ ಸಿಂಪಡಿಸಿದ್ದನ್ನು ಬೆಳಿಗ್ಗೆ ತಿನ್ನಿಸಿ. ಒದ್ದೆ ಹುಲ್ಲನ್ನು ಒಂದು ದಿನಕ್ಕಿಂತ ಹೆಚ್ಚು ಇಡಬೇಡಿ, ಬೂಷ್ಟು ಬರುತ್ತದೆ. ಕುದಿಯುವಷ್ಟು ಬಿಸಿಯಾದ ನೀರು ಬಳಸಿದರೆ ಕಿಣ್ವ ಸತ್ತಂತೆಯೇ.

ಯೂನಿಟ್ ಎಂದರೆ ಒಂದು ನಿಮಿಷದಲ್ಲಿ ಕಿಣ್ವ ಎಷ್ಟು ಸಕ್ಕರೆ ಬಿಡಿಸುತ್ತದೆ ಎಂಬ ಅಳತೆ, ಸಾಮಾನ್ಯವಾಗಿ 1 ಮೈಕ್ರೋಮೋಲ್‌ಗೆ 1 ಯೂನಿಟ್. ಇದರಲ್ಲೊಂದು ಗುಟ್ಟಿದೆ. ಶಿಲೀಂಧ್ರದ ಕಿಣ್ವಗಳು 50 ಡಿಗ್ರಿ ಸೆಲ್ಸಿಯಸ್, ಪಿಎಚ್ (ಹುಳಿಯ ಅಳತೆ, ಅಂಕಿ ಇಳಿದಷ್ಟೂ ಹುಳಿ ಹೆಚ್ಚು) 5ರ ಹತ್ತಿರ ಚುರುಕು. ಪ್ರಯೋಗಾಲಯದಲ್ಲಿ ಅಳೆಯುವುದೂ ಅಲ್ಲಿಯೇ. ರೂಮೆನ್‌ನಲ್ಲಿ ಇರುವುದು 39 ಡಿಗ್ರಿ, ಪಿಎಚ್ 6ರಿಂದ 6.8. ಅಲ್ಲಿ ಅದೇ ಕಿಣ್ವದ ವೇಗ ಬಹಳ ತಗ್ಗುತ್ತದೆ. ಎರಡು ಕಂಪನಿಗಳ ಯೂನಿಟ್‌ಗಳನ್ನು ಹೋಲಿಸಬೇಕೆಂದರೆ ಯಾವ ಉಷ್ಣತೆ, ಯಾವ ಪಿಎಚ್‌ನಲ್ಲಿ ಅಳೆದದ್ದೆಂದು ಎರಡರ ಮೇಲೂ ಬರೆದಿರಬೇಕು. ‘ಹತ್ತು ಕಿಣ್ವಗಳ ಮಿಶ್ರಣ’ ಎಂದಷ್ಟೇ ಬರೆದು ಯೂನಿಟ್ ಕೊಡದ ಪುಡಿಯನ್ನು ಬದಿಗಿಡಿ. ಆ ಹತ್ತರಲ್ಲಿ ಧಾನ್ಯದ ರಂಜಕವನ್ನು ಬಿಡಿಸುವ ಫೈಟೇಸ್‌ನಂಥದ್ದು ರೂಮೆನ್ ಬೆಳೆದ ಮರಿಗೆ ಹೆಚ್ಚೇನೂ ಬೇಕಿಲ್ಲ, ಅದನ್ನು ಅಲ್ಲಿನ ಸೂಕ್ಷ್ಮಜೀವಿಗಳೇ ತಯಾರಿಸುತ್ತವೆ.

ಎರಡು ಪಟ್ಟು ಹಾಕಿದರೆ ಎರಡು ಪಟ್ಟು ಫಲ ಎಂದುಕೊಳ್ಳಬೇಡಿ. ಹೆಚ್ಚಾದ ಕಿಣ್ವ ನಾರಿನ ಮೇಲೆ ಸೂಕ್ಷ್ಮಜೀವಿಗಳು ಕೂರಬೇಕಾದ ಜಾಗವನ್ನೇ ಆಕ್ರಮಿಸುತ್ತದೆ, ಪಚನ ತಗ್ಗುವುದೂ ಉಂಟು.

ಪ್ರಶ್ನೆ: ಲೇಬಲ್‌ನಲ್ಲಿ ‘1 ಟನ್ ಆಹಾರಕ್ಕೆ 500 ಗ್ರಾಂ’ ಎಂದಿದೆ. ನನ್ನಲ್ಲಿ 25 ಮರಿಗಳು, ತಲಾ 300 ಗ್ರಾಂ ಕೈತಿಂಡಿ, 400 ಗ್ರಾಂ ಹುಲ್ಲು ತಿನ್ನುತ್ತವೆ. ಇಷ್ಟು ಚಿಕ್ಕ ಪ್ರಮಾಣವನ್ನು ಕೈಯಿಂದ ಬೆರೆಸುವುದು ಹೇಗೆ?

ಉತ್ತರ: ಮೊದಲು ‘ಆಹಾರ’ ಎಂದರೆ ಯಾವುದು ಎಂದು ಮಾರಿದವರನ್ನು ಕೇಳಿ: ಕೈತಿಂಡಿಯೋ, ಹುಲ್ಲೂ ಸೇರಿದ ಒಟ್ಟು ಆಹಾರವೋ? ಒಟ್ಟು ಆಹಾರವಾದರೆ ಒಂದು ಮರಿ ತಿನ್ನುವುದು 700 ಗ್ರಾಂ, ಅದಕ್ಕೆ ಕಿಣ್ವ 0.35 ಗ್ರಾಂ. ಹುಲ್ಲಿಗೆ ಸಿಂಪಡಿಸದೆ ಕೈತಿಂಡಿಗಷ್ಟೇ ಬೆರೆಸುವುದಾದರೆ ಇದಷ್ಟೂ 300 ಗ್ರಾಂ ಕೈತಿಂಡಿಯ ಮೂಲಕವೇ ಹೋಗಬೇಕು. ಅಂದರೆ ಒಂದು ಕಿಲೋ ಕೈತಿಂಡಿಗೆ ಸುಮಾರು 1.17 ಗ್ರಾಂ. ನೀವು ಕೈತಿಂಡಿಗೇ ಟನ್‌ಗೆ 500 ಗ್ರಾಂ ಲೆಕ್ಕದಲ್ಲಿ ಬೆರೆಸಿದರೆ ಮರಿಗೆ ಸಿಗುವುದು 0.15 ಗ್ರಾಂ ಮಾತ್ರ, ಅರ್ಧವೂ ಅಲ್ಲ.

ದಿನಕ್ಕೆ 7.5 ಕಿಲೋ ಕೈತಿಂಡಿ ಬೇಕು. ಹತ್ತು ದಿನಕ್ಕೆ 75 ಕಿಲೋ, ಅದಕ್ಕೆ ಕಿಣ್ವ 88 ಗ್ರಾಂ. ಗ್ರಾಂ ತೋರಿಸುವ ಚಿಕ್ಕ ತಕ್ಕಡಿಯಲ್ಲಿ ತೂಗಿ. ಚಮಚದ ಲೆಕ್ಕ ಬೇಡ, ಒಂದೊಂದು ಪುಡಿಯ ಚಮಚಕ್ಕೂ ಒಂದೊಂದು ತೂಕ.

88 ಗ್ರಾಂ ಪುಡಿಯನ್ನು ಒಂದು ಕಿಲೋ ಸಣ್ಣ ಬೂಸಾದೊಂದಿಗೆ ಬೋಗುಣಿಯಲ್ಲಿ ಚೆನ್ನಾಗಿ ಉಜ್ಜಿ ಬೆರೆಸಿ. ಇದನ್ನು ಐದು ಕಿಲೋ ಬೂಸಾಕ್ಕೆ ಸೇರಿಸಿ ಮತ್ತೆ ಬೆರೆಸಿ. ಆಮೇಲೆ ಅದನ್ನು 20 ಕಿಲೋ ಹಿಂಡಿ–ನುಚ್ಚಿಗೆ, ಕೊನೆಗೆ ಉಳಿದೆಲ್ಲಕ್ಕೆ. ನೇರ 75 ಕಿಲೋ ರಾಶಿಯ ಮೇಲೆ ಉದುರಿಸಿದರೆ ನಾಲ್ಕು ಮರಿಗೆ ಎಲ್ಲ, ಉಳಿದವಕ್ಕೆ ಏನಿಲ್ಲ. ಕೊನೆಯ ಹಂತದಲ್ಲಿ ಟಾರ್ಪಾಲಿನ ಮೇಲೆ ರಾಶಿ ಹಾಕಿ, ಸಲಿಕೆಯಿಂದ ಒಂದು ಕಡೆಯಿಂದ ಇನ್ನೊಂದು ಕಡೆಗೆ ರಾಶಿ ಬದಲಿಸಿ. ಪ್ರತಿ ಸಲಿಕೆಯೂ ಹೊಸ ರಾಶಿಯ ತುದಿಗೇ ಬೀಳಬೇಕು, ಆಗ ಸುತ್ತಲೂ ಜಾರಿ ಬೆರೆಯುತ್ತದೆ. ಹೀಗೆ ನಾಲ್ಕೈದು ಸಲ. ಉಪ್ಪು, ಖನಿಜ ಮಿಶ್ರಣವನ್ನು ಮೊದಲ ಬೋಗುಣಿಗೆ ಹಾಕಬೇಡಿ. ತಾಮ್ರ, ಸತುವಿನ ಲವಣಗಳ ಜೊತೆ ಒತ್ತಾಗಿ ಕೂತ ಕಿಣ್ವ, ಅದರಲ್ಲೂ ಸ್ವಲ್ಪ ತೇವ ತಾಗಿದರೆ, ದಿನದಿಂದ ದಿನಕ್ಕೆ ಶಕ್ತಿ ಕಳೆದುಕೊಳ್ಳುತ್ತದೆ. ಅವು ಕೊನೆಯ ರಾಶಿಗೆ ಹೋಗಲಿ.

ಎರಡು ದಿನ ಬಿಟ್ಟು ಗೋದಲಿಯ ತಳ ನೋಡಿ. ಸಣ್ಣ ಪುಡಿ ಅಲ್ಲಿಯೇ ಉಳಿದಿದ್ದರೆ ಮರಿಗಳು ನುಚ್ಚು ಆರಿಸಿಕೊಂಡು ನಿಮ್ಮ ಕಿಣ್ವವನ್ನು ಬಿಟ್ಟಿವೆ ಎಂದರ್ಥ. 75 ಕಿಲೋಗೆ ಒಂದು ಲೋಟದಷ್ಟು ಖಾದ್ಯ ಎಣ್ಣೆ ಚಿಮುಕಿಸಿ ಬೆರೆಸಿದರೆ ಪುಡಿ ನುಚ್ಚಿಗೆ ಅಂಟುತ್ತದೆ.

ಬೆರೆಸುವವರು ಮೂಗು–ಬಾಯಿಗೆ ಮಾಸ್ಕ್ ಕಟ್ಟಿಕೊಳ್ಳಲೇಬೇಕು. ಕಿಣ್ವದ ದೂಳು ಪದೇಪದೇ ಉಸಿರಿಗೆ ಹೋದರೆ ಕೆಲವರಿಗೆ ಅಲರ್ಜಿ, ಆಸ್ತಮಾ ಅಂಟಿಕೊಳ್ಳುತ್ತದೆ. ಲೇಬಲ್‌ನಲ್ಲಿ ಇದನ್ನು ಬರೆದವರು ಕಡಿಮೆ.

ಪ್ರಶ್ನೆ: ಮೂರು ವಾರದ ಮರಿಗಳಿಗೆ ಹಾಲಿನಲ್ಲಿ ಕಿಣ್ವ, ಶಕ್ತಿಗೆಂದು ಸ್ವಲ್ಪ ಬೆಲ್ಲ ಹಾಕಿ ಕುಡಿಸಬಹುದೇ?

ಉತ್ತರ: ಎರಡೂ ಬೇಡ. ಹಾಲನ್ನು ಪಚಿಸಲು ಬೇಕಾದ ಕಿಣ್ವಗಳು ಮರಿಯ ನಾಲ್ಕನೇ ಹೊಟ್ಟೆ ಮತ್ತು ಕರುಳಿನಲ್ಲಿ ಹುಟ್ಟಿನಿಂದಲೇ ಇವೆ. ಬೆಲ್ಲ–ಸಕ್ಕರೆಯನ್ನು ಒಡೆಯುವ ಸುಕ್ರೇಸ್ ಮಾತ್ರ ಕುರಿಯ ಕರುಳಿನಲ್ಲಿ ಇಲ್ಲ. ಹಾಲಿನ ಜೊತೆ ಹೋದ ಬೆಲ್ಲ ಒಡೆಯದೆ ದೊಡ್ಡಕರುಳಿಗೆ ಜಾರಿ, ಅಲ್ಲಿ ಹುದುಗಿ, ನೀರೆಳೆದು ಭೇದಿಯಾಗುತ್ತದೆ. ಮರಿಗೆ ಶಕ್ತಿ ಬೇಕಿದ್ದರೆ ಇನ್ನಷ್ಟು ಹಾಲು ಕೊಡಿ.

ಈ ವಯಸ್ಸಿನಲ್ಲಿ ಮಾಡಬೇಕಾದ ಕೆಲಸ ಬೇರೆಯೇ ಇದೆ: ರೂಮೆನ್ ಬೆಳೆಸುವುದು. ಎರಡನೇ ವಾರದಿಂದ ತಾಯಿ ನುಗ್ಗದ, ಮರಿ ಮಾತ್ರ ತೂರುವ ಗೂಡಿನಲ್ಲಿ ಶೇ. 18–20 ಪ್ರೋಟೀನ್ ಇರುವ ಮೆದು ಕೈತಿಂಡಿ ಇಡಿ, ಎಳೆಯ ಒಣಹುಲ್ಲಿನ ಒಂದು ಕಟ್ಟು ತೂಗುಹಾಕಿ, ಶುದ್ಧ ನೀರಿಡಿ. ಧಾನ್ಯ ಹುದುಗಿದಾಗ ಬರುವ ಆಮ್ಲಗಳೇ ರೂಮೆನ್ ಗೋಡೆಯ ಬೆರಳಿನಂಥ ಚಾಚುಗಳನ್ನು ಬೆಳೆಸುತ್ತವೆ. ಎಂಟನೇ ವಾರದ ಹೊತ್ತಿಗೆ ರೂಮೆನ್ ಹೆಚ್ಚುಕಡಿಮೆ ದೊಡ್ಡ ಕುರಿಯಂತೆ ದುಡಿಯುತ್ತದೆ. ನಾರು ಒಡೆಯುವ ಕಿಣ್ವದ ಮಾತು ಆಮೇಲೆ.

ಪ್ರಶ್ನೆ: ಬೆಳ್ಳುಳ್ಳಿ, ಅರಿಶಿನ, ಮೆಂತ್ಯ, ಓಂಕಾಳು: ಇವುಗಳಲ್ಲಿ ಯಾವುದು ಯಾವುದಕ್ಕೆ? ಎಲ್ಲವನ್ನೂ ಸಮಭಾಗ ಪುಡಿ ಮಾಡಿ ಕೊಡಬಹುದೇ?

ಉತ್ತರ: ಸಮಭಾಗ ಮಾಡುವುದು ಸುಲಭ, ಸರಿಯಲ್ಲ. ಒಂದೊಂದರಲ್ಲಿ ಕೆಲಸ ಮಾಡುವ ಅಂಶದ ಪ್ರಮಾಣ ಬೇರೆ ಬೇರೆ. ಮುಂದಿನ ಅಳತೆಗಳು 15 ಕಿಲೋ ಮರಿಗೆ, ಒಂದು ದಿನಕ್ಕೆ. ಇವು ಎಚ್ಚರದ ಅಳತೆಗಳು, ಮೀರುವ ಅಗತ್ಯವಿಲ್ಲ.

ಓಂಕಾಳು 2ರಿಂದ 3 ಗ್ರಾಂ. ಇದರಲ್ಲಿ ಶೇ. 2–4ರಷ್ಟು ಸುಗಂಧ ತೈಲ, ಅದರಲ್ಲಿ ಮುಖ್ಯವಾದದ್ದು ಥೈಮಾಲ್. ಮೂರು ಗ್ರಾಂ ಕಾಳಿನಲ್ಲಿ ಹೆಚ್ಚುಕಡಿಮೆ 30–60 ಮಿ.ಗ್ರಾಂ. ಥೈಮಾಲ್ ಸಿಗುತ್ತದೆ. ಇದು ಸೂಕ್ಷ್ಮಜೀವಿಗಳನ್ನು ಹತ್ತಿಕ್ಕುವ ವಸ್ತು ಎಂಬುದನ್ನು ಮರೆಯಬೇಡಿ. ಕಡಿಮೆ ಇದ್ದಾಗ ರೂಮೆನ್‌ನಲ್ಲಿ ಪ್ರೋಟೀನ್ ಅತಿಯಾಗಿ ಅಮೋನಿಯಾ ಆಗುವುದನ್ನು ತಡೆದೀತು, ಹೆಚ್ಚಾದರೆ ನಾರು ಒಡೆಯುವ ಒಳ್ಳೆಯ ಜೀವಿಗಳನ್ನೂ ತಡೆಯುತ್ತದೆ. ‘ಮೂಲಿಕೆ ತಾನೆ, ಹೆಚ್ಚಾದರೇನು’ ಎನ್ನುವ ಮಾತು ಓಂಕಾಳಿಗೆ ಸಲ್ಲದು. ಬಟ್ಟಿ ಇಳಿಸಿದ ತೈಲವನ್ನಂತೂ ಕೈಯಳತೆಯಲ್ಲಿ ಹಾಕಲೇಬೇಡಿ.

ಬೆಳ್ಳುಳ್ಳಿ ಒಣಪುಡಿ 3 ಗ್ರಾಂ, ಹಸಿಯದಾದರೆ 8–9 ಗ್ರಾಂ. ಕೆಲಸದ ಅಂಶ ಅಲಿಸಿನ್. ಅದು ಇಡೀ ಎಸಳಿನಲ್ಲಿ ಇರುವುದಿಲ್ಲ. ಜಜ್ಜಿದಾಗ ಎಸಳಿನೊಳಗಿನ ಕಿಣ್ವವೊಂದು ಅದನ್ನು ಹುಟ್ಟಿಸುತ್ತದೆ. ಬೇಯಿಸಿ ಕಷಾಯ ಮಾಡಿದರೆ ಆ ಕಿಣ್ವವೇ ಸಾಯುತ್ತದೆ, ಉಳಿಯುವುದು ವಾಸನೆಯ ನೀರು. ಜಜ್ಜಿ, ಹತ್ತು ನಿಮಿಷ ಬಿಟ್ಟು, ಕೈತಿಂಡಿಗೆ ಬೆರೆಸಿ ಕೂಡಲೇ ಕೊಡಿ. ವಾಸನೆಗೆ ಹೆದರಿ ಮರಿಗಳು ಹಿಂದೆ ಸರಿದರೆ ಮೊದಲ ನಾಲ್ಕು ದಿನ ಕಾಲುಭಾಗದಿಂದ ಶುರು ಮಾಡಿ.

ಮೆಂತ್ಯ 5–6 ಗ್ರಾಂ, ಒರಟಾಗಿ ಕುಟ್ಟಿದ್ದು. ಪ್ರೋಟೀನ್ ಶೇ. 25ರ ಹತ್ತಿರ ಇರುವುದರಿಂದ ಇದು ಅರ್ಧ ಮೂಲಿಕೆ, ಅರ್ಧ ಆಹಾರ. ಇದರಲ್ಲಿರುವ, ನೊರೆ ಬರಿಸುವ ಸಪೋನಿನ್‌ಗಳು ರೂಮೆನ್‌ನ ಪ್ರೋಟೋಜೋವಾಗಳನ್ನು ತುಸು ತಗ್ಗಿಸುತ್ತವೆ. ಬ್ಯಾಕ್ಟೀರಿಯಾಗಳನ್ನು ತಿಂದುಹಾಕುವ ಪ್ರೋಟೋಜೋವಾ ಕಡಿಮೆಯಾದರೆ ಕರುಳಿಗೆ ತಲುಪುವ ಪ್ರೋಟೀನ್ ಹೆಚ್ಚುತ್ತದೆ. ಅಂಟುವಾಳದಲ್ಲಿ ಇದೇ ಸಪೋನಿನ್ ಬಹಳ ಇದೆಯೆಂದು ಅದನ್ನು ಕುಟ್ಟಿ ಹಾಕುವವರಿದ್ದಾರೆ. ತುಸು ಹೆಚ್ಚಿದರೂ ಮರಿ ಮೇವು ಬಿಡುತ್ತದೆ, ಭೇದಿ ಶುರುವಾಗುತ್ತದೆ. ಅದರ ಗೊಡವೆ ಬೇಡ.

ಅರಿಶಿನ 2–3 ಗ್ರಾಂ. ನಮ್ಮ ಅಭಿಪ್ರಾಯದಲ್ಲಿ ನಾಲ್ಕರಲ್ಲಿ ಅತಿಹೆಚ್ಚು ಹೊಗಳಿಸಿಕೊಂಡದ್ದು, ತೂಕದ ಲೆಕ್ಕದಲ್ಲಿ ಅತಿ ಕಡಿಮೆ ಕೊಡುವುದು ಇದೇ. ಇದರ ಕೆಲಸದ ಅಂಶವಾದ ಕರ್ಕ್ಯುಮಿನ್ ಕರುಳಿನಿಂದ ರಕ್ತಕ್ಕೆ ಸೇರುವುದು ಅತ್ಯಲ್ಪ. ಹಾಕಲೇಬೇಕೆಂದರೆ ಕೊಂಬು ತಂದು ಪುಡಿ ಮಾಡಿಸಿ. ಅತಿ ಹೊಳಪಿನ ಹಳದಿ ಪುಡಿಗೆ ಸೀಸದ ಕ್ರೋಮೇಟ್ ಬೆರೆಸುವ ಕಲಬೆರಕೆ ಇದೆ, ಸೀಸ ಮರಿಗೂ ವಿಷ, ಮಾಂಸ ತಿನ್ನುವವರಿಗೂ ವಿಷ.

ಒಂದು ಸಲಕ್ಕೆ ಒಂದೋ ಎರಡೋ ಮೂಲಿಕೆ ಸಾಕು. ನಾಲ್ಕನ್ನೂ ಒಟ್ಟಿಗೆ ಹಾಕಿ ಮರಿ ಮೇವು ಬಿಟ್ಟರೆ ಯಾವುದರಿಂದ ಎಂದು ಹುಡುಕುವುದು ಕಷ್ಟ. ಇನ್ನೊಂದು ಮಾತು: ಸುಗಂಧ ತೈಲಗಳಿಗೆ ರೂಮೆನ್ ಜೀವಿಗಳು ಕೆಲವು ವಾರಗಳಲ್ಲಿ ಒಗ್ಗಿಕೊಳ್ಳುತ್ತವೆ. ಮೊದಲ ಹದಿನೈದು ದಿನ ಕಂಡ ಚುರುಕು ಎರಡನೇ ತಿಂಗಳಲ್ಲಿ ಮಾಯವಾದರೆ ಅಚ್ಚರಿಪಡಬೇಡಿ.

ಪ್ರಶ್ನೆ: ಹಣ್ಣಿನ ಸಿಪ್ಪೆ, ಬೆಲ್ಲ ಹುದುಗಿಸಿ ಮನೆಯಲ್ಲೇ ಮಾಡುವ ಬಯೋ ಎಂಜೈಮ್ ಮರಿಗಳಿಗೆ ಕೊಡಬಹುದೇ? ಬೂಸಾಕ್ಕೆ ಬೂಷ್ಟು ಬರಿಸಿ ಕಿಣ್ವ ತಯಾರಿಸುವ ವಿಧಾನವನ್ನೂ ಕೇಳಿದ್ದೇವೆ.

ಉತ್ತರ: ಮೊದಲನೆಯದು ನೆಲ ಒರೆಸಲು ಒಳ್ಳೆಯದು. ತಿಂಗಳುಗಟ್ಟಲೆ ಹುದುಗಿದ ಆ ದ್ರವದಲ್ಲಿ ಇರುವುದು ಮುಖ್ಯವಾಗಿ ಹುಳಿ ಆಮ್ಲ, ಸ್ವಲ್ಪ ಆಲ್ಕೋಹಾಲ್. ನಾರು ಒಡೆಯುವ ಕಿಣ್ವದ ಶಕ್ತಿ ಹೆಸರಿಗಷ್ಟೇ.

ಎರಡನೆಯದು ಅಪಾಯಕಾರಿ. ಕಾರ್ಖಾನೆಯಲ್ಲಿ ಕಿಣ್ವಕ್ಕೆ ಬೆಳೆಸುವ ಆಸ್ಪರ್ಜಿಲಸ್ ಒರೈಝೀ ಮತ್ತು ಅಫ್ಲಾಟಾಕ್ಸಿನ್ ವಿಷ ತಯಾರಿಸುವ ಆಸ್ಪರ್ಜಿಲಸ್ ಫ್ಲೇವಸ್ ಒಂದೇ ಬಳ್ಳಿಯ ಕಾಯಿಗಳು. ಎರಡೂ ಹಸಿರು–ಹಳದಿ, ಬೂಸಾದ ಮೇಲೆ ಬೆಳೆದಾಗ ಕಣ್ಣಿಗೆ ಒಂದೇ. ಮನೆಯಲ್ಲಿ ತಾನಾಗಿ ಬಂದ ಬೂಷ್ಟು ಯಾವುದೆಂದು ನೋಡಿ ಹೇಳಲಾಗದು. ಎಳೆಮರಿಗಳ ಯಕೃತ್ತು ಅಫ್ಲಾಟಾಕ್ಸಿನ್‌ಗೆ ಬೇಗ ಸೋಲುತ್ತದೆ. ಮೇವು ತಿನ್ನುವುದು ಕುಗ್ಗುತ್ತದೆ, ಬೆಳವಣಿಗೆ ನಿಲ್ಲುತ್ತದೆ.

ಮನೆಯಲ್ಲೇ ಏನಾದರೂ ಮಾಡಬೇಕೆಂದರೆ ಹಸಿರು ಮೇವನ್ನು ಹೂ ಬಿಡುವ ಹಂತದಲ್ಲಿ ಕೊಯ್ದು, ಕತ್ತರಿಸಿ, ಗಾಳಿಯಾಡದಂತೆ ತುಳಿದು ರಸಮೇವು ಮಾಡಿ. ಪಚನದ ಲೆಕ್ಕದಲ್ಲಿ ಯಾವ ಕಿಣ್ವಕ್ಕಿಂತಲೂ ಹೆಚ್ಚು ಲಾಭ ಸರಿಯಾದ ಹಂತದಲ್ಲಿ ಕೊಯ್ದ ಮೇವಿನಿಂದಲೇ ಬರುತ್ತದೆ.

ಪ್ರಶ್ನೆ: ಕೋಳಿಗೆ, ಹಂದಿಗೆ ತಂದ ಬೆಳವಣಿಗೆ ಪುಡಿ ಉಳಿದಿದೆ. ‘ಕಿಣ್ವ, ಮೂಲಿಕೆ, ಖನಿಜಯುಕ್ತ’ ಎಂದಿದೆ. ಮರಿಗಳಿಗೆ ಹಾಕಿದರೆ ತಪ್ಪೇನು?

ಉತ್ತರ: ಮರಿಗಳನ್ನು ಕಳೆದುಕೊಳ್ಳಬಹುದು. ಕಾರಣ ಎರಡು.

ಒಂದು, ತಾಮ್ರ. ಸಾಕುಪ್ರಾಣಿಗಳಲ್ಲಿ ತಾಮ್ರವನ್ನು ಅತಿ ಕಡಿಮೆ ತಾಳುವುದು ಕುರಿ. ಐರೋಪ್ಯ ಒಕ್ಕೂಟದಲ್ಲಿ ಕುರಿಗಳ ಒಟ್ಟು ಆಹಾರದಲ್ಲಿ ಕಿಲೋಗೆ 15 ಮಿ.ಗ್ರಾಂ. ತಾಮ್ರ ಮೀರಬಾರದೆಂಬ ಮಿತಿ ಇದೆ. ಹಂದಿಮರಿಗಳ ಆಹಾರಕ್ಕೆ ಬೆಳವಣಿಗೆಗೆಂದು ಕಿಲೋಗೆ 100 ಮಿ.ಗ್ರಾಂ. ಮೀರಿ ಸೇರಿಸುವ ರೂಢಿ ಇದೆ. ಕುರಿಯ ಯಕೃತ್ತು ಹೆಚ್ಚಾದ ತಾಮ್ರವನ್ನು ಹೊರಹಾಕಲಾರದೆ ವಾರಗಟ್ಟಲೆ, ತಿಂಗಳುಗಟ್ಟಲೆ ಕೂಡಿಡುತ್ತದೆ. ಅಷ್ಟು ದಿನವೂ ಮರಿ ಚೆನ್ನಾಗಿಯೇ ಕಾಣುತ್ತದೆ. ಒಂದು ದಿನ ಸಾಗಾಟವೋ ಮಳೆಯೋ ಮೇವಿನ ಬದಲಾವಣೆಯೋ ನೆಪವಾಗಿ ಅಷ್ಟೂ ತಾಮ್ರ ಒಮ್ಮೆಲೇ ರಕ್ತಕ್ಕೆ ಬೀಳುತ್ತದೆ. ಕೆಂಪು ರಕ್ತಕಣಗಳು ಒಡೆಯುತ್ತವೆ. ಕಣ್ಣಿನ ಬಿಳಿಭಾಗ, ಒಸಡು ಹಳದಿ, ಮೂತ್ರ ಕಾಫಿ ಬಣ್ಣ. ಒಂದೆರಡು ದಿನದಲ್ಲಿ ಸಾವು. ಪುಡಿ ನಿಲ್ಲಿಸಿ ಮೂರು ವಾರ ಕಳೆದ ಮೇಲೂ ಇದು ಆಗಬಹುದು, ಹಾಗಾಗಿಯೇ ಕಾರಣ ಯಾರಿಗೂ ಹೊಳೆಯುವುದಿಲ್ಲ. ಒಂದು ಮರಿಯಲ್ಲಿ ಈ ಲಕ್ಷಣ ಕಂಡರೆ ಉಳಿದ ಮರಿಗಳಿಗಾಗಿ ಆ ದಿನವೇ ಪಶುವೈದ್ಯರನ್ನು ಕರೆಸಿ. ಮಾಲಿಬ್ಡಿನಂ ಲವಣ ಕೊಟ್ಟು ಉಳಿಸುವ ದಾರಿ ಅವರಿಗೆ ಗೊತ್ತು.

ಎರಡು, ಕೋಳಿ ಆಹಾರದಲ್ಲಿ ಕಾಕ್ಸಿಡಿಯಾ ಎಂಬ ಕರುಳಿನ ಪರೋಪಜೀವಿಯ ತಡೆಗೆ ಬೆರೆಸುವ ಮೊನೆನ್ಸಿನ್, ಸಲಿನೋಮೈಸಿನ್ ಔಷಧಗಳು. ಕೋಳಿಗೆ ಹೊಂದುವ ಪ್ರಮಾಣ ಕುರಿಗೆ ಹಲವು ಪಟ್ಟು ಹೆಚ್ಚು. ಹೃದಯ ಮತ್ತು ತೊಡೆಯ ಸ್ನಾಯುಗಳು ಹಾಳಾಗಿ ಮರಿ ನಿಲ್ಲಲಾರದೆ ಬೀಳುತ್ತದೆ.

ಪ್ರಶ್ನೆ: ಜಂತುನಾಶಕದ ಬದಲು ಮೂಲಿಕೆ ಸಾಕಾಗುತ್ತದೆಯೇ?

ಉತ್ತರ: ತಡೆಗೆ ಸ್ವಲ್ಪ ನೆರವು, ಚಿಕಿತ್ಸೆಗೆ ಇಲ್ಲ. ರಕ್ತ ಹೀರುವ ಹಿಮಾಂಕಸ್ ಜಂತು ಒಂದೊಂದೂ ದಿನಕ್ಕೆ ಸುಮಾರು 0.05 ಮಿ.ಲೀ. ರಕ್ತ ಕಳೆಯುತ್ತದೆ. ಸಾವಿರ ಜಂತುಗಳಿದ್ದರೆ 50 ಮಿ.ಲೀ. 15 ಕಿಲೋ ಮರಿಯ ಮೈಯಲ್ಲಿ ಇರುವ ರಕ್ತವೇ ಒಂದು ಲೀಟರ್ ಆಸುಪಾಸು. ಅಂಥ ಮರಿಗೆ ಬೇವಿನ ಸೊಪ್ಪು ತಿನ್ನಿಸಿ ಎರಡು ವಾರ ಕಾಯುವಷ್ಟು ಸಮಯವಿಲ್ಲ. ಕೆಳರೆಪ್ಪೆಯ ಒಳಬದಿ ನೋಡಿ. ಇದನ್ನು ಹೋಲಿಸಲು 1ರಿಂದ (ಕೆಂಪು, ರಕ್ತ ಚೆನ್ನಾಗಿದೆ) 5ರವರೆಗೆ (ಬಿಳಿಚು, ರಕ್ತಹೀನ) ಬಣ್ಣದ ಮೆಟ್ಟಿಲುಗಳಿರುವ ಫಮಾಚಾ ಚಾರ್ಟ್ ಸಿಗುತ್ತದೆ. ದೊಡ್ಡ ಕುರಿಗೆ 4, 5ರಲ್ಲಿ ಔಷಧ ಕೊಡುತ್ತಾರೆ. ಮರಿಗೆ 3ರಲ್ಲೇ ಕೊಡಿ. ಎಲ್ಲ ಜಂತುಗಳೂ ರಕ್ತಹೀನತೆ ತರುವುದಿಲ್ಲವಾದ್ದರಿಂದ ಹಿಕ್ಕೆಯಲ್ಲಿ ಮೊಟ್ಟೆ ಎಣಿಸುವ ಪರೀಕ್ಷೆಯನ್ನೂ ಮಾಡಿಸಿ.

ನೆರವು ಕೊಡಬಲ್ಲದ್ದು ಟ್ಯಾನಿನ್ ಎಂಬ ಒಗರು ಅಂಶ ಇರುವ ಮರದ ಸೊಪ್ಪು. ಒಟ್ಟು ಆಹಾರದಲ್ಲಿ ಟ್ಯಾನಿನ್ ಶೇ. 2–4 ಇದ್ದರೆ ಜಂತುಗಳ ಒತ್ತಡ ತುಸು ತಗ್ಗುತ್ತದೆ. ಜೊತೆಗೆ ರೂಮೆನ್‌ನಲ್ಲಿ ಪ್ರೋಟೀನನ್ನು ಹಿಡಿದಿಟ್ಟು, ಹುಳಿಯಾದ ನಾಲ್ಕನೇ ಹೊಟ್ಟೆಯಲ್ಲಿ ಬಿಡುತ್ತದೆ. ಶೇ. 5–6 ದಾಟಿದರೆ ಒಗರಿಗೆ ಮರಿ ತಿನ್ನುವುದನ್ನೇ ಕಡಿಮೆ ಮಾಡುತ್ತದೆ. ದಿನದ ಮೇವಿನ ನಾಲ್ಕನೇ ಒಂದು ಭಾಗಕ್ಕಿಂತ ಹೆಚ್ಚು ಒಗರು ಸೊಪ್ಪು ಬೇಡ.

ಕಾಕ್ಸಿಡಿಯಾ ಬಗ್ಗೆಯೂ ಇದೇ ಮಾತು. ಒಂದರಿಂದ ಎರಡು ತಿಂಗಳ ಮರಿ ನಾರುವ ನೀರುಭೇದಿ, ರಕ್ತದ ಎಳೆ, ಮುಕ್ಕರಿಕೆ ತೋರಿಸಿದರೆ ಮೂಲಿಕೆ ಡಬ್ಬಿ ತೆರೆಯಬೇಡಿ, ವೈದ್ಯರ ಔಷಧ ಬೇಕು.

ಪ್ರಶ್ನೆ: ಜೀವಂತ ಯೀಸ್ಟ್ ಮತ್ತು ಮೂಲಿಕೆ ಪುಡಿಯನ್ನು ಒಟ್ಟಿಗೆ ಬೆರೆಸಿಟ್ಟರೆ? ಆಂಟಿಬಯೋಟಿಕ್ ಕೊಡುವಾಗ ಯೀಸ್ಟ್ ನಿಲ್ಲಿಸಬೇಕೇ?

ಉತ್ತರ: ಬ್ಯಾಕ್ಟೀರಿಯಾ ಕೊಲ್ಲುವ ಔಷಧ ಯೀಸ್ಟನ್ನು ಕೊಲ್ಲುವುದಿಲ್ಲ, ನಿಲ್ಲಿಸಬೇಕಿಲ್ಲ. ಲ್ಯಾಕ್ಟೋಬ್ಯಾಸಿಲಸ್‌ನಂಥ ಬ್ಯಾಕ್ಟೀರಿಯಾ ಪುಡಿಯಾದರೆ ಆಂಟಿಬಯೋಟಿಕ್ ಜೊತೆ ಕೊಡುವುದು ದಂಡ. ಇನ್ನು ಓಂಕಾಳು, ಲವಂಗದ ತೈಲಾಂಶಗಳು ಶಿಲೀಂಧ್ರನಾಶಕಗಳು. ಒಂದೇ ಡಬ್ಬಿಯಲ್ಲಿ ವಾರಗಟ್ಟಲೆ ಇಟ್ಟರೆ ಯೀಸ್ಟ್ ಸಾಯುತ್ತದೆ. ಬೇರೆ ಬೇರೆ ಇಟ್ಟು, ಒಂದನ್ನು ಬೆಳಿಗ್ಗೆ, ಇನ್ನೊಂದನ್ನು ಸಂಜೆ ಕೊಡಿ.

ಪ್ರಶ್ನೆ: ಧಾನ್ಯ ಹೆಚ್ಚಿಸಿ ಬೇಗ ಕೊಬ್ಬಿಸುತ್ತಿದ್ದೇವೆ. ಪಿಷ್ಟ ಕರಗಿಸುವ ಅಮೈಲೇಸ್ ಸೇರಿಸಿದರೆ ಇನ್ನೂ ಬೇಗ ಆಗುವುದೇ?

ಉತ್ತರ: ಧಾನ್ಯ ಹೆಚ್ಚಿದ ರೂಮೆನ್‌ಗೆ ಪಿಷ್ಟ ಒಡೆಯುವುದರಲ್ಲಿ ತೊಂದರೆಯೇ ಇಲ್ಲ, ಬೇಗ ಒಡೆಯುವುದೇ ತೊಂದರೆ. ಪಿಎಚ್ 5.5ಕ್ಕಿಂತ ಕೆಳಗಿಳಿದರೆ ನಾರು ಒಡೆಯುವ ಜೀವಿಗಳು ಕೆಲಸ ನಿಲ್ಲಿಸುತ್ತವೆ, ಮರಿ ಮೇವು ಬಿಟ್ಟು ಹುಳಿ ವಾಸನೆಯ ಭೇದಿ ಮಾಡುತ್ತದೆ. ಇಲ್ಲಿ ಅಮೈಲೇಸ್ ಬೆಂಕಿಗೆ ತುಪ್ಪ. ಇಂಥ ಮರಿಗಳಿಗೆ ಹೊಂದುವುದು ಜೀವಂತ ಯೀಸ್ಟ್, ಕೈತಿಂಡಿಯ ಶೇ. 1ರಷ್ಟು ಅಡುಗೆ ಸೋಡಾ, ಮತ್ತು ದಿನವೂ ಒಂದಿಷ್ಟು ಉದ್ದನೆಯ ಹುಲ್ಲು. ಧಾನ್ಯ ಏರಿಸಲು ಎರಡರಿಂದ ಮೂರು ವಾರ ತೆಗೆದುಕೊಳ್ಳಿ. ಕರುಳುಬೇನೆಯ (ಎಂಟರೋಟಾಕ್ಸಿಮಿಯಾ) ಲಸಿಕೆ ಅದಕ್ಕೂ ಮೊದಲೇ ಆಗಿರಬೇಕು. ಆ ರೋಗ ಚೆನ್ನಾಗಿ ತಿನ್ನುವ, ಗುಂಪಿನಲ್ಲೇ ದಷ್ಟಪುಷ್ಟವಾದ ಮರಿಯನ್ನೇ ಮೊದಲು ಹೊತ್ತೊಯ್ಯುತ್ತದೆ.

ಪ್ರಶ್ನೆ: ಪುಡಿ ಕೆಲಸ ಮಾಡಿತೇ ಇಲ್ಲವೇ ಎಂದು ನಾವೇ ಪರೀಕ್ಷಿಸುವುದು ಹೇಗೆ? ಹತ್ತು ಮರಿಗೆ ಕೊಟ್ಟು ನೋಡಿದರೆ ಸಾಕೇ?

ಉತ್ತರ: ಹತ್ತು ಸಾಲದು. ಕುರಿಯ ದೇಹತೂಕದ ಶೇ. 10ರಿಂದ 20ರಷ್ಟು ಹೊಟ್ಟೆಯಲ್ಲಿರುವ ಮೇವು–ನೀರು. 15 ಕಿಲೋ ಮರಿಯಲ್ಲಿ ಅದೇ ಒಂದೂವರೆಯಿಂದ ಮೂರು ಕಿಲೋ. ಒಳ್ಳೆಯ ಪುಡಿ ದಿನಕ್ಕೆ 10 ಗ್ರಾಂ ಹೆಚ್ಚು ತೂಕ ಕೊಟ್ಟಿತು ಎನ್ನಿ, 60 ದಿನಕ್ಕೆ 600 ಗ್ರಾಂ. ನೀರು ಕುಡಿಯುವ ಮೊದಲು ತೂಗಿದ್ದಕ್ಕೂ ಆಮೇಲೆ ತೂಗಿದ್ದಕ್ಕೂ ಇರುವ ವ್ಯತ್ಯಾಸದಲ್ಲೇ ಅದು ಮುಚ್ಚಿಹೋಗುತ್ತದೆ.

ತೂಕ, ಲಿಂಗ, ವಯಸ್ಸು ಹೋಲುವ ಮರಿಗಳನ್ನು ಜೋಡಿ ಮಾಡಿ, ಪ್ರತಿ ಜೋಡಿಯಿಂದ ಒಂದನ್ನು ಚೀಟಿ ಎತ್ತಿ ಪುಡಿಯ ಗುಂಪಿಗೆ ಹಾಕಿ. ಒಳ್ಳೆಯದನ್ನು ನಿಮ್ಮ ಕೈಯೇ ಪುಡಿಯ ಗುಂಪಿಗೆ ಆರಿಸುತ್ತದೆ, ಅದಕ್ಕೇ ಚೀಟಿ. ಒಂದೊಂದು ಗುಂಪಿನಲ್ಲಿ ಕನಿಷ್ಠ 20 ಮರಿಗಳಿರಲಿ. ಜಂತುನಾಶಕ, ಲಸಿಕೆ ಎರಡಕ್ಕೂ ಒಂದೇ ದಿನ. ಮೊದಲ 14 ದಿನ ಒಗ್ಗಿಕೊಳ್ಳಲು ಬಿಡಿ, ಅದು ಲೆಕ್ಕಕ್ಕಿಲ್ಲ. ಆಮೇಲೆ ರಾತ್ರಿ ಮೇವು ತೆಗೆದು, ಬೆಳಿಗ್ಗೆ ನೀರಿಗೂ ಮುನ್ನ, ಸತತ ಎರಡು ದಿನ ತೂಗಿ ಸರಾಸರಿ ಬರೆದುಕೊಳ್ಳಿ. 60 ದಿನದ ನಂತರ ಹಾಗೆಯೇ ಇನ್ನೊಮ್ಮೆ. ಕೊಟ್ಟ ಮೇವು, ಗೋದಲಿಯಲ್ಲಿ ಉಳಿದ ಮೇವು ಎರಡನ್ನೂ ದಿನವೂ ತೂಗಿ. ಗುಂಪು ತಿಂದ ಮೇವನ್ನು ಗುಂಪು ಗಳಿಸಿದ ತೂಕದಿಂದ ಭಾಗಿಸಿದರೆ ಒಂದು ಕಿಲೋ ತೂಕಕ್ಕೆ ಎಷ್ಟು ಕಿಲೋ ಮೇವು ಎಂದು ಸಿಗುತ್ತದೆ, ಸಾಮಾನ್ಯವಾಗಿ 5ರಿಂದ 7. ಗುಂಪುಗಳ ನಡುವೆ ದಿನದ ಗಳಿಕೆಯಲ್ಲಿ 20 ಗ್ರಾಂ ಅಂತರವಾದರೂ ಕಾಣದಿದ್ದರೆ ಪುಡಿಯ ಪರವಾಗಿ ತೀರ್ಪು ಕೊಡಬೇಡಿ. ಅಂತರ ಕಂಡರೂ ಹೆಚ್ಚುವರಿ ತೂಕದ ಬೆಲೆ 60 ದಿನದ ಪುಡಿಯ ಖರ್ಚನ್ನು ಮೀರುತ್ತದೆಯೇ ನೋಡಿ.

ಪ್ರಶ್ನೆ: ಮಾಂಸಕ್ಕೆ ಮಾರುವ ಎಷ್ಟು ದಿನ ಮೊದಲು ಇವನ್ನು ನಿಲ್ಲಿಸಬೇಕು?

ಉತ್ತರ: ಕಿಣ್ವ ಪ್ರೋಟೀನೇ ಆದ್ದರಿಂದ ಪಚನವಾಗಿ ಹೋಗುತ್ತದೆ. ಯೀಸ್ಟಿಗೂ ಕಾಯಬೇಕಿಲ್ಲ. ಬೆಳ್ಳುಳ್ಳಿ, ಮೆಂತ್ಯದ ವಾಸನೆ ಮಾಂಸಕ್ಕೆ ಹತ್ತಬಹುದು, ಎರಡು ವಾರ ಮೊದಲೇ ನಿಲ್ಲಿಸಿ. ಮೂಲಿಕೆ ಎಂದು ಮಾರುವ ಪುಡಿಯಲ್ಲಿ ಔಷಧವೂ ಬೆರೆತಿದ್ದರೆ ಆ ಔಷಧದ ಕಾಯುವ ಅವಧಿಯೇ ಅನ್ವಯಿಸುತ್ತದೆ.